ಹೊರೆ ಇಳಿಸುವ ಕಲ್ಲು

ಕಾಸರಗೋಡು ದಾಟಿ ಕೇರಳದ ಒಳಕ್ಕೆ ಹೋದರೆ ಹಳೆಯ ದಾರಿಗಳ ಬದಿಯಲ್ಲಿ ಈಗಲೂ ಅಲ್ಲಲ್ಲಿ ಒಂದು ಕಲ್ಲಿನ ಕಟ್ಟೋಣ ಕಣ್ಣಿಗೆ ಬೀಳುತ್ತದೆ. ಎರಡು ಕಲ್ಲುಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಹಾಸುಗಲ್ಲು, ಅಷ್ಟೇ. ಮಲಯಾಳದಲ್ಲಿ ಅದಕ್ಕೆ ಅತ್ತಾಣಿ ಎಂದು ಹೆಸರು. ತಮಿಳರು ಸುಮೈತಾಂಗಿ ಎನ್ನುತ್ತಾರೆ. ತಲೆಹೊರೆಯಲ್ಲೇ ಅಕ್ಕಿ, ಉಪ್ಪು, ಒಣಮೀನು ಊರಿಂದ ಊರಿಗೆ ಹೋಗುತ್ತಿದ್ದ ಕಾಲದವು ಇವು. ಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ಎತ್ತಿ ತಲೆಗೇರಿಸಲು ಇನ್ನೊಬ್ಬರು ಬೇಕು. ಆಳೆತ್ತರದ ಈ ಕಲ್ಲಾದರೆ ಯಾರೂ ಬೇಡ, ತಲೆಯಿಂದ ಹಾಗೆಯೇ ಜಾರಿಸಿ ಇಡಬಹುದು, ದಣಿವಾರಿಸಿಕೊಂಡು ಹಾಗೆಯೇ ತಲೆಗೆ ತೆಗೆದುಕೊಳ್ಳಬಹುದು. ಬಸುರಿನಲ್ಲೇ ತೀರಿಹೋದ ಹೆಣ್ಣುಮಕ್ಕಳ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ರೂಢಿ ತಮಿಳು ಸೀಮೆಯಲ್ಲಿತ್ತು. ಹೊರೆ ಇಳಿಸಲಾಗದೆ ಹೋದವಳ ಹೆಸರಿನಲ್ಲಿ ಬೇರೆಯವರ ಹೊರೆ ಇಳಿಯಲಿ ಎಂಬ ಆಸೆ ಅದರ ಹಿಂದಿರಬೇಕು.

ಹೊರೆಯ ಮಾತನ್ನು ಆಡದ ಧರ್ಮವಿಲ್ಲ. ಕುರ್‌ಆನಿನ 94ನೆಯ ಅಧ್ಯಾಯದಲ್ಲಿ ಪ್ರವಾದಿಯವರ(ಸ) ಬೆನ್ನು ಮುರಿಯುತ್ತಿದ್ದ ಭಾರವನ್ನು ಇಳಿಸಿದ ಪ್ರಸ್ತಾಪವಿದೆ. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಯೇಸು ದುಡಿದು ದಣಿದವರನ್ನು, ಭಾರ ಹೊತ್ತವರನ್ನು ತನ್ನ ಬಳಿಗೆ ಕರೆಯುತ್ತಾರೆ, ತನ್ನ ನೊಗ ಹಗುರವೆನ್ನುತ್ತಾರೆ. ಇವನ್ನೆಲ್ಲ ನಾವು ಓದಿದ್ದು ದೊಡ್ಡವರಾದ ಮೇಲೆ. ಅದಕ್ಕೂ ಮೊದಲೇ, ಒಬ್ಬ ಕ್ರೈಸ್ತ ಹೆಂಗಸಿನ ಹೊರೆ ಅವರ ನಂಬಿಕೆಯಿಂದ ಇಳಿದದ್ದನ್ನು ನಾವು ಅಣ್ಣ ತಂಗಿಯರು ಮೂವರೂ ಹತ್ತಿರದಿಂದ ನೋಡಿದ್ದೇವೆ. ನಮ್ಮ ಉಮ್ಮ ಅದನ್ನು ನೋಡಿದರು, ಒಪ್ಪಲಿಲ್ಲ. ಆ ಇಬ್ಬರ ನಡುವಿನ ಮಾತು ಇಷ್ಟು ವರ್ಷವಾದರೂ ನಮ್ಮನ್ನು ಬಿಟ್ಟಿಲ್ಲ. ಆದ್ದರಿಂದ ಮೂವರೂ ಕೂಡಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮನೆಗೂ ಬಾಯಮ್ಮನ ಮನೆಗೂ ನಡುವೆ ಒಂದು ಕಲ್ಲಿನ ಪಾಗಾರ, ಅದರಲ್ಲೊಂದು ಬಿರುಕು, ಬಿರುಕಿನಲ್ಲಿ ದಾರಿ. ಕರಾವಳಿಯಲ್ಲಿ ಕೆಥೊಲಿಕ್ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ನಮ್ಮ ಉಮ್ಮನೂ ಹಾಗೆಯೇ ಕರೆಯುತ್ತಿದ್ದರು. ಬಾಯಮ್ಮ ವಯಸ್ಸಿನಲ್ಲಿ ತುಸು ದೊಡ್ಡವರಾದುದರಿಂದ ಉಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವರ ಮನೆಮಾತು ಕೊಂಕಣಿ, ನಮ್ಮದು ಬ್ಯಾರಿ, ಇಬ್ಬರೂ ಸೇರಿದರೆ ತುಳು. ಮಧ್ಯಾಹ್ನದ ಗಂಜಿ ಮುಗಿದ ಮೇಲೆ ಇಬ್ಬರೂ ತಡ್ಪೆ ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಕೂತರೆಂದರೆ ಸಂಜೆಯ ತನಕ ಬೀಡಿ. ನೆನೆಸಿದ ಎಲೆಯನ್ನು ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಟುವುದು, ನೂಲು ಸುತ್ತುವುದು. ಇಬ್ಬರ ಬೆರಳುಗಳು ಒಂದೇ ವೇಗದಲ್ಲಿ ಓಡುತ್ತಿದ್ದವು. ಕಟ್ಟು ಕಟ್ಟಿ ಬ್ರಾಂಚಿಗೆ ಕೊಂಡುಹೋಗುವುದು ನಮ್ಮ ಕೆಲಸ. ಬ್ರಾಂಚಿನವ ಸರಿಯಿಲ್ಲವೆಂದು ಆರಿಸಿ ಬಿಸಾಡುವ ಬೀಡಿಗಳ ಲೆಕ್ಕವನ್ನು ಇಬ್ಬರಿಗೂ ನಾವೇ ಬಂದು ಹೇಳಬೇಕು, ಬೈಗುಳವನ್ನೂ ನಾವೇ ತಿನ್ನಬೇಕು.

ಇಬ್ಬರೂ ವಿಧವೆಯರು. ಇಬ್ಬರಿಗೂ ಅನ್ಯಾಯವಾದದ್ದು ಜಾಗದ ವಿಷಯದಲ್ಲಿ, ಅದೂ ಒಡಹುಟ್ಟಿದವರಿಂದ. ಬಾಯಮ್ಮನ ಗಂಡ ಮುಂಬೈಯಲ್ಲಿ ಹಡಗಿನ ಕೆಲಸಕ್ಕಿದ್ದಾಗ ಇಲ್ಲಿ ಮೈದುನ ಪಾಲಿನ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಮಾರಿಬಿಟ್ಟಿದ್ದ. ಗಂಡ ಊರಿಗೆ ಬಂದು ಆ ಗದ್ದೆಯ ಬದುವಿನಲ್ಲಿ ನಿಂತು ನೋಡಿದವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಕುಡಿತ ಹಿಡಿಯಿತು, ನಾಲ್ಕು ವರ್ಷದಲ್ಲಿ ಹೋದರು. ಎರಡು ಹೆಣ್ಣುಮಕ್ಕಳು. ನಮ್ಮ ಬಾಪ ತೀರಿಕೊಂಡದ್ದು ಜ್ವರದಲ್ಲಿ. ಉಮ್ಮನ ತವರಿನ ಪಾಲು ಕೊಡಬೇಕಾಗಿದ್ದ ಮಾಮ, ಕೊಡುತ್ತೇನೆ ಕೊಡುತ್ತೇನೆ ಎನ್ನುತ್ತಲೇ ಅಲ್ಲಿ ಮನೆ ಕಟ್ಟಿಸಿದರು. ಹೆಣ್ಣುಮಗಳ ಪಾಲನ್ನು ಕುರ್‌ಆನೇ ಬರೆದಿಟ್ಟಿದೆ. ಅದನ್ನು ಓದುತ್ತಲೇ ನುಂಗುವವರು ನಮ್ಮ ಸಮುದಾಯದಲ್ಲಿ ಕಡಿಮೆಯೇನಿಲ್ಲ. ಆದರೆ ಅದು ಬೇರೆಯೇ ಲೇಖನದ ಮಾತು.

ಬಾಯಮ್ಮನ ಮನೆಯಲ್ಲಿ ರಾತ್ರಿ ತೇರ್ಸ್ ಆಗದೆ ಊಟವಿಲ್ಲ. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಮರಿಯಮ್ಮನವರ ಜಪದ ನಡುನಡುವೆ, ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಅರ್ಥದ ಮಾತೊಂದಿದೆ. ಗೋಡೆಯ ಈಚೆ ಕೂತು ಪಾಠ ಓದುತ್ತಿದ್ದ ನಮಗೆ ಆ ಪ್ರಾರ್ಥನೆ ಕೊಂಕಣಿಯಲ್ಲಿ ಬಾಯಿಪಾಠವಾಗಿತ್ತು. ಅದರಲ್ಲೊಂದು ವಿಚಿತ್ರವನ್ನು ನಮ್ಮ ಕಿರಿಯವಳು ಮೊದಲು ಗಮನಿಸಿದಳು. ಆ ಜಾಗಕ್ಕೆ ಬಂದಾಗ ಹುಡುಗಿಯರಿಬ್ಬರ ಧ್ವನಿ ಮಾತ್ರ ಕೇಳುತ್ತಿತ್ತು. ಬಾಯಮ್ಮನ ಧ್ವನಿ ನಿಲ್ಲುತ್ತಿತ್ತು. ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿತ್ತು. ಒಂದು ದಿನವಲ್ಲ, ಪ್ರತಿರಾತ್ರಿ, ಪ್ರತಿಸಲ. ಕಿರಿಯವಳು ಅದನ್ನು ಬಾಯಮ್ಮನ ಬಳಿಯೇ ಕೇಳಿಬಿಟ್ಟಳು. ಅವರು ಎಲೆಯ ಮೇಲಿನಿಂದ ಕತ್ತರಿ ತೆಗೆಯದೆ ಹೇಳಿದರು: "ದೇವರ ಎದುರು ಸುಳ್ಳು ಹೇಳಬಾರದು ಮಗಾ."

ಈ ಮಾತಿಗೆ ಉಮ್ಮ ತಲೆದೂಗಿದ್ದು ನಮಗೆ ನೆನಪಿದೆ. ಉಮ್ಮನ ಮಟ್ಟಿಗೆ ಅದು ಪೂರ್ತಿ ಸರಿಯಾದ ನಡತೆ.

ಹೊರೆಯ ಕಥೆಯನ್ನು ನಮಗೆ ಹೇಳಿದ್ದು ಇನ್ನೊಬ್ಬರು, ನಮ್ಮ ಶಾಲೆಯ ಟೀಚರ್. ಅವರು ಪ್ರೊಟೆಸ್ಟಂಟರು, ಬಾಸೆಲ್ ಮಿಶನ್ ಮೂಲದ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನಿನವರು ಶಾಲೆ, ಅಚ್ಚುಕೂಟ ತೆರೆದದ್ದು ಎಲ್ಲರಿಗೂ ಗೊತ್ತು. ಮತ ಬದಲಿಸಿದವರಿಗೆ ಹಳೆಯ ಕಸುಬೂ ಇಲ್ಲ, ಮನೆಯವರ ಆಸರೆಯೂ ಇಲ್ಲ ಎಂದಾದಾಗ ನೇಯ್ಗೆ ಶುರುಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಟೀಚರ ಮುತ್ತಜ್ಜ ಅಲ್ಲಿ ದುಡಿದವರಂತೆ. "ಜಾತಿಯ ಹೊರೆ ಇಳಿಯಿತು, ಜೇಡಿಮಣ್ಣಿನ ಹೊರೆ ಬಂತು" ಎಂದು ಟೀಚರು ನಗುತ್ತಿದ್ದರು. ನಗುತ್ತಲೇ, ಮೊದಲನೆಯದಕ್ಕಿಂತ ಎರಡನೆಯದು ಎಷ್ಟೋ ವಾಸಿ ಎಂದೂ ಸೇರಿಸುತ್ತಿದ್ದರು.

ಆ ಟೀಚರು ಹೇಳಿದ್ದು ಜಾನ್ ಬನ್ಯನನ ಯಾತ್ರಿಕನ ಕಥೆ. ಇಂಗ್ಲಿಷಿನಲ್ಲಿ 1678ರಲ್ಲಿ ಬಂದ ಪುಸ್ತಕ ಅದು, 1847ರಲ್ಲೇ ಮಿಶನರಿಗಳ ಮೂಲಕ ಕನ್ನಡಕ್ಕೂ ಬಂತು. ಒಬ್ಬ ಮನುಷ್ಯ, ಕೈಯಲ್ಲಿ ಪುಸ್ತಕ, ಬೆನ್ನ ಮೇಲೆ ಹೊರೆ. ಆ ಹೊರೆ ಅವನ ಪಾಪ. ತಾನಿರುವ ಊರು ನಾಶವಾಗುವುದೆಂದು ತಿಳಿದು ಓಡುತ್ತಾನೆ, ನಿರಾಶೆಯ ಕೆಸರಿನಲ್ಲಿ ಹೂತುಹೋಗುತ್ತಾನೆ, ಎದ್ದು ನಡೆಯುತ್ತಾನೆ. ಒಂದು ದಿಬ್ಬದ ಮೇಲೆ ಶಿಲುಬೆ, ಕೆಳಗೆ ತೆರೆದ ಸಮಾಧಿ. ಶಿಲುಬೆಯ ಎದುರಿಗೆ ಬಂದಾಗ ಹೊರೆಯ ಕಟ್ಟು ತಾನಾಗಿ ಸಡಿಲಿ, ಉರುಳಿ ಉರುಳಿ ಸಮಾಧಿಯ ಬಾಯಿಗೆ ಬಿದ್ದು ಮತ್ತೆ ಕಾಣಿಸುವುದಿಲ್ಲ. ಅವನು ಬಿಚ್ಚಲಿಲ್ಲ, ಯಾರೂ ಎಳೆಯಲಿಲ್ಲ. ಕ್ರೈಸ್ತರು ಬಿಡುಗಡೆ ಎಂದು ಹೇಳುವುದರ ತಿರುಳು ಇದೇ ಎಂದು ಟೀಚರು ಹೇಳುತ್ತಿದ್ದರು. ನಮ್ಮ ಗಳಿಕೆಯಿಂದ ಸಿಗುವುದಲ್ಲ, ಕೃಪೆಯಿಂದ ಬರುವುದು.

ನಾವು ಆ ಕಥೆಯನ್ನು ಮನೆಗೆ ತಂದು ಜಗಲಿಯಲ್ಲಿ ಹೇಳಿದೆವು. ಬಾಯಮ್ಮ ಕಣ್ಣು ಒರೆಸಿಕೊಂಡರು. ಉಮ್ಮ ಕೇಳಿದರು: "ಹೆಂಡತಿ ಮಕ್ಕಳು ಎಲ್ಲಿ?" ಊರಲ್ಲೇ ಬಿಟ್ಟು ಓಡಿದನೆಂದು ನಾವು ಹೇಳಿದೆವು. "ಹಾಗಾದರೆ ಹಗುರವಾಗದೆ ಇನ್ನೇನು" ಎಂದು ಉಮ್ಮ ಬೀಡಿಗೆ ನೂಲು ಸುತ್ತಿದರು.

ಉಮ್ಮನ ಪ್ರಶ್ನೆ ಬಲವಾದದ್ದೆಂದು ಆಮೇಲೆ ಬನ್ಯನನ ಬಗ್ಗೆ ಓದಿದಾಗ ತಿಳಿಯಿತು. 1628ರಲ್ಲಿ ಬೆಡ್‌ಫರ್ಡ್ ಹತ್ತಿರದ ಎಲ್‌ಸ್ಟೊ ಎಂಬ ಹಳ್ಳಿಯಲ್ಲಿ ಹುಟ್ಟಿದ ಬನ್ಯನ್, ಓಟೆ ಬಿದ್ದ ಪಾತ್ರೆಗಳನ್ನು ರಿಪೇರಿ ಮಾಡುತ್ತಾ ಊರೂರು ತಿರುಗುವ ಕಸುಬಿನವನು. ಮದುವೆಯಾದಾಗ ಮನೆಯಲ್ಲಿ ಸರಿಯಾದ ತಟ್ಟೆ ಚಮಚವೂ ಇರಲಿಲ್ಲ, ಹೆಂಡತಿ ತವರಿನಿಂದ ತಂದದ್ದು ಎರಡು ಭಕ್ತಿಯ ಪುಸ್ತಕ. ಧರ್ಮದ ಕಡೆಗೆ ತಿರುಗಿದ ಮೇಲೆ ಅವನಿಗೆ ನೆಮ್ಮದಿ ಸಿಕ್ಕಿತೇ? ಇಲ್ಲ. ವರ್ಷಗಟ್ಟಲೆ ನರಕದ ಭಯ. ಕ್ರಿಸ್ತನನ್ನು ಮಾರಿಬಿಡು ಎಂಬ ಯೋಚನೆ ಹಗಲಿರುಳು ಅವನ ಬೆನ್ನು ಹತ್ತಿತು. ಕೊನೆಗೆ ಮನಸ್ಸಿನಲ್ಲಿ ಒಮ್ಮೆ ಹೂಂ ಎಂದುಬಿಟ್ಟೆ, ಇನ್ನು ನನಗೆ ಕ್ಷಮೆಯಿಲ್ಲ ಎಂದು ಕೊರಗಿದ. ಇದನ್ನೆಲ್ಲ ಅವನೇ 1666ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಹೊರೆ ಇಳಿಸಬೇಕಾದ ಧರ್ಮವೇ ಹೊರೆಯಾಗುವ ಸ್ಥಿತಿ ಇದು. ವುಝೂ ಸರಿಯಾಯಿತೋ ಇಲ್ಲವೋ ಎಂಬ ಸಂಶಯದಲ್ಲಿ ಗಂಟೆಗಟ್ಟಲೆ ಕಾಲು ತೊಳೆಯುತ್ತಾ ಕೂರುವವರನ್ನು ನಾವೂ ನೋಡಿದ್ದೇವೆ. ನಮ್ಮಲ್ಲಿ ಅದಕ್ಕೆ ವಸ್ವಾಸ್ ಎಂದು ಹೆಸರಿದೆ. ಬನ್ಯನ್ ಅದರಿಂದ ಪಾರಾದದ್ದು, ತನ್ನ ಒಳ್ಳೆಯತನ ತನ್ನಲ್ಲಿಲ್ಲ, ಅದು ಕ್ರಿಸ್ತನಲ್ಲಿ ಭದ್ರವಾಗಿದೆ, ಆದ್ದರಿಂದ ತನ್ನ ಮನಸ್ಸಿನ ಏರಿಳಿತಕ್ಕೆ ಅದು ಕರಗುವುದಿಲ್ಲ ಎಂದು ಹೊಳೆದಾಗ.

ಆಮೇಲೆ 1660ರಲ್ಲಿ, ಅನುಮತಿಯಿಲ್ಲದೆ ಬೋಧನೆ ಮಾಡಿದನೆಂದು ಜೈಲಿಗೆ ಹೋದ. ಇನ್ನು ಬೋಧಿಸುವುದಿಲ್ಲ ಎಂದು ಒಪ್ಪಿಕೊಂಡಿದ್ದರೆ ಹೊರಗೆ ಬರಬಹುದಿತ್ತು, ಒಪ್ಪಲಿಲ್ಲ. 12 ವರ್ಷ ಒಳಗಿದ್ದ. ಮೊದಲ ಹೆಂಡತಿ ತೀರಿಹೋಗಿದ್ದಳು. ಎರಡನೆಯವಳು ಎಲಿಜಬೆತ್, ಆಗಷ್ಟೇ ಬಂದವಳು, ತನ್ನ ಹೊಟ್ಟೆಯ ಕೂಸನ್ನು ಆ ಆಘಾತದಲ್ಲಿ ಕಳೆದುಕೊಂಡಳು. ನಾಲ್ಕು ಮಲಮಕ್ಕಳು, ಅವರಲ್ಲೊಬ್ಬಳು ಕುರುಡಿ. 1661ರಲ್ಲಿ ಅವಳೇ ನ್ಯಾಯಾಧೀಶರ ಎದುರು ನಿಂತು ಗಂಡನಿಗಾಗಿ ವಾದಿಸಿದಳು, ಸೋತಳು. ಬನ್ಯನ್ ಜೈಲಿನಲ್ಲಿ ಕಟ್ಟುವ ಲೇಸುಗಳನ್ನು ತಯಾರಿಸಿ ಮಾರಿ ಮನೆಗೆ ನಾಲ್ಕು ಕಾಸು ಕಳುಹಿಸುತ್ತಿದ್ದ. ಅವನು ದೊಡ್ಡವನೇ, ಅನುಮಾನವಿಲ್ಲ. ಆದರೆ ಅವನ ಹೊರೆ ಬಿದ್ದಾಗ ಅದರಲ್ಲಿ ಒಂದು ಪಾಲು ಎಲಿಜಬೆತ್‌ಳ ತಲೆಗೆ ಬಂತೆಂದೇ ನಮಗೆ ತೋರುತ್ತದೆ. ಯಾತ್ರಿಕನ ಹೆಂಡತಿ ಮಕ್ಕಳ ಯಾತ್ರೆಯನ್ನು ಬನ್ಯನ್ ಎರಡನೆಯ ಭಾಗವಾಗಿ ಬರೆದದ್ದು 1684ರಲ್ಲಿ. ಉಮ್ಮನ ಹಾಗೆ ಅಲ್ಲಿಯೂ ಯಾರಾದರೂ ಕೇಳಿರಬೇಕು.

ಆ ಪುಸ್ತಕದಲ್ಲಿ ನಮಗೆ ಹಿಡಿಸಿದ ಸಂಗತಿ ಇನ್ನೊಂದು. ಹೊರೆ ಬೀಳುವುದು ಕಥೆಯ ಕೊನೆಯಲ್ಲಲ್ಲ, ಆರಂಭದ ಭಾಗದಲ್ಲೇ. ಅಲ್ಲಿಂದ ಮುಂದೆಯೇ ಕಡಿದಾದ ಗುಡ್ಡ, ರಾಕ್ಷಸನೊಡನೆ ಕಾದಾಟ, ಮಾಯೆಯ ಸಂತೆ, ಸಂಶಯದ ಕೋಟೆ ಎಲ್ಲ ಬರುವುದು. ಹೊರೆಯಿಲ್ಲದವನಿಗೂ ದಾರಿ ತಪ್ಪಲಿಲ್ಲ. ದೇವರನ್ನು ನಂಬಿದರೆ ಸಾಲ ತೀರುತ್ತದೆ, ರೋಗ ವಾಸಿಯಾಗುತ್ತದೆ, ವೀಸಾ ಸಿಗುತ್ತದೆ ಎಂದು ಮೈಕಿನಲ್ಲಿ ಮಾರುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಬನ್ಯನ್ ಅವರ ಸಾಲಿನವನಲ್ಲ.

ಬಾಯಮ್ಮನ ವಿಷಯಕ್ಕೆ ಬರೋಣ. ಅದು 2004ರ ಕರೆಜ್ಮ್, ಅಂದರೆ ಈಸ್ಟರಿಗೆ ಮೊದಲಿನ ತಪಸ್ಸುಕಾಲ. ಆ ಕಾಲದ ಶುಕ್ರವಾರಗಳಲ್ಲಿ ಇಗರ್ಜಿಯಲ್ಲಿ ಶಿಲುಬೆಯ ಹಾದಿ ಇರುತ್ತದೆ. ಯೇಸುವಿಗೆ ಮರಣದಂಡನೆಯಾದಲ್ಲಿಂದ ಸಮಾಧಿಯವರೆಗೆ 14 ಚಿತ್ರಗಳು, ಒಂದೊಂದರ ಮುಂದೆಯೂ ನಿಂತು ಪ್ರಾರ್ಥನೆ. ಮೂರು, ಏಳು ಮತ್ತು ಒಂಬತ್ತರಲ್ಲಿ ಯೇಸು ಶಿಲುಬೆಯ ಭಾರಕ್ಕೆ ಬೀಳುತ್ತಾರೆ. ಐದನೆಯದರಲ್ಲಿ, ಹಳ್ಳಿಯಿಂದ ಬರುತ್ತಿದ್ದ ಕಿರೇನಿನ ಸಿಮೋನನೆಂಬ ದಾರಿಹೋಕನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸುತ್ತಾರೆ. ಬಾಯಮ್ಮನಿಗೆ ಈ ಐದನೆಯದೆಂದರೆ ಆಯಿತು. ಲೋಕದ ಹೊರೆ ಹೊರಲು ಬಂದವನ ಹೊರೆಯನ್ನೂ ಒಬ್ಬ ಬಡವ ಸ್ವಲ್ಪ ದೂರ ಹೊತ್ತ, ಅದೂ ಮನಸ್ಸಿಲ್ಲದೆ, ಬೈದುಕೊಂಡೇ ಹೊತ್ತಿರಬೇಕು ಎಂದು ಅವರು ನಮಗೆ ವಿವರಿಸಿದ್ದುಂಟು.

ಆ ವರ್ಷ ಮೈದುನನಿಗೆ ಪಾರ್ಶ್ವವಾಯು ಹೊಡೆದಿತ್ತು. ಗಂಡುಮಕ್ಕಳಿಬ್ಬರೂ ಗಲ್ಫಿನಲ್ಲಿ. ಅವನ ಹೆಂಡತಿಗೆ ಅವನನ್ನು ಮಗ್ಗುಲು ಹೊರಳಿಸುವಷ್ಟೂ ತ್ರಾಣವಿರಲಿಲ್ಲ. ಬಾಯಮ್ಮ ಒಂದು ಶುಕ್ರವಾರ ಪಾದ್ರಿಗಳ ಬಳಿ ಕುಮ್ಸಾರಿಗೆ ಮೊಣಕಾಲೂರಿದಾಗ ಇಷ್ಟು ವರ್ಷ ನಾಲಗೆಗೆ ಬಾರದಿದ್ದುದನ್ನು ಹೇಳಿದರು. ಪಾದ್ರಿಗಳು ಏನು ಹೇಳಿದರೋ ಅದು ನಮಗೆ ಗೊತ್ತಾಗುವಂಥದ್ದಲ್ಲ, ಕುಮ್ಸಾರಿನ ಮಾತು ಹೊರಗೆ ಬರುವುದಿಲ್ಲ. ಏನನ್ನಿಸಿತು ಎಂದು ಉಮ್ಮ ಕೇಳಿದ್ದಕ್ಕೆ ಬಾಯಮ್ಮ ಹೇಳಿದ್ದಿಷ್ಟು: "ಏನೂ ಅನ್ನಿಸಲಿಲ್ಲ. ಬರುವಾಗ ಮಾಂಸ ತಂದೆ ಎಂದು ನೆನಪು, ಶುಕ್ರವಾರ ಎಂಬುದೇ ಮರೆತುಹೋಗಿತ್ತು." ಮೂರು ನಾಲ್ಕು ದಿನ ಕಳೆದ ಮೇಲೆ ತೇರ್ಸಿನ ನಡುವೆ ಹಿರಿಮಗಳು ತಾಯಿಯ ಮುಖ ನೋಡಿದಳಂತೆ. ಆ ಸಾಲು ತನ್ನ ಬಾಯಿಂದ ಬಂದುಹೋಗಿತ್ತು ಎಂದು ಬಾಯಮ್ಮನಿಗೆ ತಿಳಿದದ್ದು ಮಗಳ ನೋಟದಿಂದ. ಮರುದಿನ ಗಂಜಿಯ ಪಾತ್ರೆ ಹಿಡಿದು ಮೈದುನನ ಮನೆಗೆ ಹೋದರು. ಅವನು ಸಾಯುವವರೆಗೆ, ಹತ್ತಿರ ಹತ್ತಿರ ಎರಡು ವರ್ಷ, ಹೋಗುತ್ತಲೇ ಇದ್ದರು. ಗದ್ದೆ ಮರಳಿ ಬರಲಿಲ್ಲ. ಮೈದುನ ತಪ್ಪಾಯಿತು ಎಂದೂ ಹೇಳಲಿಲ್ಲ. ನಾಲಗೆ ಬಿದ್ದುಹೋಗಿದ್ದವನು ಹೇಳುವುದಾದರೂ ಹೇಗೆ.

ಇದನ್ನು ನೋಡಿ ನಮಗೆ ಸಂತೋಷವೇನೂ ಆಗಲಿಲ್ಲ. ಹೆಣ್ಣಿಗೆ ಅನ್ಯಾಯ ಮಾಡುವುದು, ಆಮೇಲೆ ಕ್ಷಮಿಸು ಎಂದು ಅವಳಿಗೇ ಬೋಧಿಸುವುದು, ಕೊನೆಗೆ ಮಲಮೂತ್ರವನ್ನೂ ಅವಳ ಕೈಯಿಂದಲೇ ಬಳಿಸುವುದು. ಯಾವ ಧರ್ಮದ ಹೆಸರಿನಲ್ಲೇ ಆಗಲಿ ಇದು ಸರಿಯೇ ಎಂದು ನಾವು ಮೂವರೂ ಕುದಿದೆವು. ಇಂದಿಗೂ ಆ ಪ್ರಶ್ನೆಯನ್ನು ನಾವು ಹಿಂತೆಗೆದುಕೊಂಡಿಲ್ಲ. ಆದರೆ ನಮ್ಮ ಕಣ್ಣೆದುರು ಇದ್ದ ಬಾಯಮ್ಮ ಸೋತವರಂತೆ ಕಾಣುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಮೈಗ್ರೇನ್ ಎಂದು ವಾರಕ್ಕೆರಡು ದಿನ ತಲೆಗೆ ಬಟ್ಟೆ ಕಟ್ಟಿ ಮಲಗುತ್ತಿದ್ದವರು, ಆ ಬಟ್ಟೆಯನ್ನು ಕೋಳಿಗೂಡಿನ ಬಾಗಿಲಿಗೆ ಕಟ್ಟಿದ್ದರು.

ಉಮ್ಮ ಮಾತ್ರ ನೇರವಾಗಿ ಕೇಳಿದರು. ಆ ಸಂಭಾಷಣೆ ನಮಗೆ ಅಕ್ಷರಕ್ಷರ ನೆನಪಿದೆ.

"ಅವನು ಕೇಳಲೇ ಇಲ್ಲ. ನೀವು ಬಿಟ್ಟುಕೊಟ್ಟದ್ದು ಸರಿಯಾ ಬಾಯಮ್ಮ?"

"ಬಿಟ್ಟುಕೊಟ್ಟೆ ಎಂದು ಯಾರು ಹೇಳಿದ್ದು? ಅಲ್ಲಿ ಕೊಟ್ಟೆ." ಗೋಡೆಯಾಚೆ ತಮ್ಮ ಮನೆಯ ದೇವರ ಪೀಠದ ಕಡೆಗೆ ಗಲ್ಲ ತೋರಿಸಿದರು. "ಅವನು ಹೊರುತ್ತೇನೆ ಎಂದಿದ್ದಾನಲ್ಲ, ಹೊರಲಿ."

"ನಾನೂ ಅದನ್ನೇ ಮಾಡಿದ್ದು. ಅಲ್ಲಾಹುವಿಗೆ ಒಪ್ಪಿಸಿದ್ದೇನೆ. ಅಣ್ಣನನ್ನು ಅಲ್ಲಿ ಕೇಳುತ್ತೇನೆ."

"ಇಲ್ಲ. ನೀನು ಒಪ್ಪಿಸಿ ಚೀಟಿ ಇಟ್ಟುಕೊಂಡಿದ್ದೀ."

"ಚೀಟಿ ಇಲ್ಲದಿದ್ದರೆ ಬ್ರಾಂಚಿನವ ಲೆಕ್ಕ ಕೊಡುತ್ತಾನಾ?"

ಇಬ್ಬರೂ ನಕ್ಕರು. ನಾವೂ ನಕ್ಕೆವು. ಆದರೆ ಎರಡು ಧರ್ಮಗಳ ನಡುವಿನ ನಿಜವಾದ ಗಡಿ ಎಲ್ಲಿದೆಯೋ ಅಲ್ಲಿಯೇ ಅವರಿಬ್ಬರೂ ಕೂತಿದ್ದರು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರರು ಎಂಬುದನ್ನು ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆ ಹೇಳುತ್ತದೆ. ಭಾರ ಹೊತ್ತ ಜೀವ ಹತ್ತಿರದ ಬಂಧುವನ್ನೇ ಕರೆದರೂ ಅದರಲ್ಲಿ ಕಿಂಚಿತ್ತೂ ಅವರಿಗೆ ದಾಟುವುದಿಲ್ಲ. ಮಧ್ಯವರ್ತಿಯಿಲ್ಲ, ಬದಲಿಯಿಲ್ಲ, ನೇರ ಲೆಕ್ಕ. ಮನುಷ್ಯರ ಹಕ್ಕನ್ನು ನುಂಗಿದವನನ್ನು, ಆ ಮನುಷ್ಯರೇ ಮನ್ನಿಸದ ಹೊರತು ಅಲ್ಲಾಹು ಸುಮ್ಮನೆ ಬಿಡುವುದಿಲ್ಲ ಎಂದು ನಮ್ಮ ವಿದ್ವಾಂಸರು ಬೋಧಿಸುತ್ತಾರೆ. ದುರ್ಬಲನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಯಾವುದು? ಕೋರ್ಟಿಗೆ ಹೋಗಲು ಕಾಸಿಲ್ಲದ ಉಮ್ಮ ರಾತ್ರಿ ಗಾಢವಾಗಿ ನಿದ್ದೆ ಮಾಡುತ್ತಿದ್ದದ್ದು ಈ ನಂಬಿಕೆಯ ಮೇಲೆಯೇ. ಕ್ರೈಸ್ತರ ಮಾತು ಇದಕ್ಕೆ ತದ್ವಿರುದ್ಧ. ಹೊರಲಾಗದುದನ್ನು ಒಬ್ಬ ಎಲ್ಲರಿಗಾಗಿ ಹೊತ್ತಾಗಿದೆ, ಇನ್ನು ನೀನು ಯಾರ ಸಾಲದ ಪತ್ರವನ್ನೂ ಎದೆಗವಚಿಕೊಂಡು ಕೂರಬೇಡ. ಮತ್ತಾಯನ ಸುವಾರ್ತೆಯ ಮೂಲ ಗ್ರೀಕಿನಲ್ಲಿ ಆ ಪ್ರಾರ್ಥನೆಯಲ್ಲಿ ಬರುವುದು ಸಾಲ ಎಂಬ ಅರ್ಥದ ಪದವೇ ಎಂದು ಟೀಚರು ಹೇಳಿದಾಗ, ಬಾಯಮ್ಮನ ಚೀಟಿಯ ಮಾತು ನಮಗೆ ಇನ್ನಷ್ಟು ಅರ್ಥವಾಯಿತು. ಟೀಚರು ಇನ್ನೊಂದನ್ನೂ ತೋರಿಸಿದರು. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಒಬ್ಬರ ಭಾರವನ್ನೊಬ್ಬರು ಹೊರಿರಿ ಎಂಬ ಉಪದೇಶವಾದ ಮೂರೇ ವಚನಗಳ ನಂತರ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎಂಬ ಮಾತೂ ಇದೆ. ಎರಡನ್ನೂ ಒಂದೇ ಉಸಿರಿಗೆ ಹೇಳಬೇಕಾಗಿ ಬಂದದ್ದು ಪೌಲನಿಗೆ ಮಾತ್ರವಲ್ಲವಲ್ಲ.

ನಮ್ಮಲ್ಲಿಯೂ ಕ್ಷಮೆಯ ಕಥೆಗಳಿಗೆ ಬರವಿಲ್ಲ. ಮಗಳು ಆಯಿಶಾರ(ರ) ಮೇಲೆ ಹಬ್ಬಿದ ಅಪವಾದಕ್ಕೆ ದನಿಗೂಡಿಸಿದ ಬಡ ಬಂಧು ಮಿಸ್ತಹ್‌ಗೆ ಇನ್ನು ನೆರವು ಕೊಡುವುದಿಲ್ಲವೆಂದು ಅಬೂಬಕರ್(ರ) ಆಣೆ ಹಾಕಿದ್ದರು. ಅಲ್ಲಾಹು ನಿಮ್ಮನ್ನು ಕ್ಷಮಿಸುವುದು ಬೇಡವೇ ಎಂಬ ಅರ್ಥದ ವಚನ ಅವತೀರ್ಣವಾದಾಗ ನೆರವನ್ನು ಮತ್ತೆ ಆರಂಭಿಸಿದರು. ಮತಪ್ರಸಂಗದಲ್ಲಿ ಇದನ್ನು ಕೇಳಿ ಬಂದ ರಾತ್ರಿ ಉಮ್ಮ ತಡವಾಗಿ ಮಲಗಿದ್ದರು. ಮಾರನೆಯ ದಿನ ಕೇಳಿದರೆ, "ಅಬೂಬಕರರದ್ದು ಕೊಡುವ ಕೈ, ನನ್ನದು ಬರಬೇಕಾದ ಕೈ" ಎಂದರು.

ಉಮ್ಮ ಹೋದದ್ದು 2016ರಲ್ಲಿ. ಕೊನೆಯ ತಿಂಗಳುಗಳಲ್ಲಿ ಬಾಯಮ್ಮ ದಿನವೂ ಪಾಗಾರದ ಬಿರುಕಿನಿಂದ ಬಂದು ಕಾಲು ತಿಕ್ಕುತ್ತಿದ್ದರು. ಒಂದು ದಿನ ಮಾಮ ನೋಡಲು ಬಂದರು. ಬಾಗಿಲಲ್ಲೇ ನಿಂತರು. ಬಾಯಮ್ಮ ಎದ್ದು ಜಾಗ ಬಿಟ್ಟರು. ಉಮ್ಮ ಅವರನ್ನು ಬಹಳ ಹೊತ್ತು ನೋಡಿ, "ಊಟ ಆಯಿತಾ?" ಎಂದು ಕೇಳಿದರು. ಆಗಿಲ್ಲ ಎಂದರು ಮಾಮ. ಬಡಿಸಿ ಎಂದು ನಮಗೆ ಕಣ್ಣಲ್ಲೇ ಹೇಳಿದರು. ಮಾಮ ಉಂಡು ಹೋದರು. ಜಾಗದ ಮಾತು ಎರಡೂ ಕಡೆಯಿಂದ ಬರಲಿಲ್ಲ. ಉಮ್ಮ ಮನ್ನಿಸಿದರೇ, ಅಥವಾ ಹಸಿದವನಿಗೆ ಅನ್ನ ಹಾಕಿದರೇ ಎಂದು ಬಾಯಮ್ಮನನ್ನು ಕೇಳಿದೆವು. "ಅದು ಅವಳಿಗೂ ಅವನಿಗೂ ಬಿಟ್ಟದ್ದು" ಎಂದು ಮೇಲೆ ಕೈ ತೋರಿಸಿದರು.

ಮಾಮನೂ ಈಗಿಲ್ಲ. ಬಾಯಮ್ಮ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜು, ತೇರ್ಸ್ ತಪ್ಪಿಲ್ಲ. ತವರಿನ ಪಾಲಿನ ಕಾಗದಗಳು ಉಮ್ಮನ ತಗಡಿನ ಪೆಟ್ಟಿಗೆಯಿಂದ ನಮ್ಮ ಕಪಾಟಿಗೆ ಬಂದಿವೆ. ಕಳೆದ ರಮಝಾನಿನಲ್ಲಿ ಮಾಮನ ಮಕ್ಕಳು ಇಫ್ತಾರಿಗೆ ಕರೆದರು, ಅದೇ ಜಾಗದಲ್ಲಿ ಕಟ್ಟಿದ ಅದೇ ಮನೆಗೆ. ನಮ್ಮಲ್ಲಿ ಇಬ್ಬರು ಹೋದೆವು. ಒಬ್ಬಳು ಹೋಗಲಿಲ್ಲ.